ಮಂತ್ರಕ್ಕೂ ಮೋಟರಿಗೂ ಒಂದೇ ಉಪ್ಪು

…ಅಥವಾ ಅಪ್ಪ ಅವತ್ತು ನಮ್ಮ ಜೊತೆ ನೆಲದ ಮೇಲೆ ಕೂರಲೇ ಇಲ್ಲವೇನೋ. ದೊಡ್ಡಮ್ಮನ ಮಗ ಮಿಲಿಂದನನ್ನು ಕೇಳಿದರೆ ಹಾಗೇ ಹೇಳುತ್ತಾನೆ; ಅವನಿಗೆ ನನ್ನ ಅಪ್ಪ ಕಾಕಾ. ಕಾಕಾ ಬಾಗಿಲಿಗೆ ಒರಗಿ ನಿಂತಿದ್ದರು, ನಾಲ್ಕು ಮಾತಾಡಿ ಹೊರಗೆ ಹೋದರು, ಅಷ್ಟೇ, ಎನ್ನುತ್ತಾನೆ. ನನ್ನ ನೆನಪಿನಲ್ಲಿ ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಲುಂಗಿಯ ಮೇಲೆ ವಾರ್ನಿಶಿನ ಕಲೆ ಇದೆ, ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದಾನೆ. ಚಿತ್ರ ಇಷ್ಟು ನಿಚ್ಚಳವಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ನಿಜವಾಗಿ ಕಂಡದ್ದಕ್ಕೆ ಅಂಚುಗಳು ಹರಿದಿರುತ್ತವೆ. ಇಲ್ಲದ ಲೋಕಗಳನ್ನು ಕಟ್ಟುವುದೇ ನನ್ನ ಕಸುಬಾದ್ದರಿಂದ, ನನ್ನ ಬಾಲ್ಯದ ಮನೆಗೂ ನಾನು ನನಗೆ ಗೊತ್ತಿಲ್ಲದ ಹಾಗೆ ಒಂದೆರಡು ಗೋಡೆ ಕಟ್ಟಿರಬಹುದು.

ಕಸುಬು ಎಂದೆ. ಕೂತು ಆಡುವ ಪಾತ್ರದಾಟಗಳಿಗೆ ನಿಯಮ ಬರೆಯುವುದು ನನ್ನ ಕೆಲಸ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಬ್ಬರು ಒಂದು ಲೋಕವನ್ನು ಬಾಯಿಮಾತಿನಲ್ಲೇ ಕಟ್ಟುತ್ತಾ ಹೋಗುತ್ತಾರೆ. ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ, ನಾನು ಈ ಬಾಗಿಲು ಒಡೆಯುತ್ತೇನೆ, ನಾನು ಈ ರಾಕ್ಷಸನ ಹತ್ತಿರ ಮಾತಾಡುತ್ತೇನೆ ಎನ್ನುತ್ತಾರೆ. ಮಾಡಹೋದದ್ದು ಆಯಿತೋ ಕೆಟ್ಟಿತೋ ಎಂಬುದನ್ನು ದಾಳ ಹೇಳುತ್ತದೆ. ಯಾವುದಕ್ಕೆ ಎಷ್ಟು ಬಲ, ಬಳಸಿದವರು ಏನು ತೆರಬೇಕು ಎಂದು ಮೊದಲೇ ಗೊತ್ತುಮಾಡುವುದು ನನ್ನಂಥವರ ಪಾಲಿನದು. ನನ್ನ ಆಟಗಳಲ್ಲಿ ಮಂತ್ರ ಹಾಕುವವರೂ ಇದ್ದಾರೆ, ನಕ್ಷತ್ರಗಳ ನಡುವೆ ಹಾರುವ ಹಡಗುಗಳೂ ಇವೆ, ಒಂದೇ ಓಣಿಯಲ್ಲಿ. ಪ್ರಕಟಿಸುವವರು ಪ್ರತಿಸಲವೂ ವಿನಯದಿಂದ ಕೇಳುತ್ತಾರೆ: ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಬಾರದೇ, ಕೊಳ್ಳುವವರಿಗೆ ಗೊಂದಲವಾಗುತ್ತದಲ್ಲ? ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳುವುದಿಲ್ಲ. ಯಾಕೆಂದು ಹೇಳಬೇಕಾದರೆ ಬಸವಕಲ್ಯಾಣದ ಆ ಮನೆಯೊಳಗೆ ಹೋಗಬೇಕು, ನೆನಪು ಎಲ್ಲಿ ಸುಳ್ಳು ಹೇಳುತ್ತಿದೆಯೋ ಅಲ್ಲೆಲ್ಲ ಅದರ ಕೈ ಹಿಡಿದು ನಿಲ್ಲಿಸುತ್ತಾ.

ಮನೆ ರೈಲಿನ ಡಬ್ಬಿಯ ಹಾಗೆ ಸಾಲಾಗಿ ಮೂರು ಕೋಣೆ. ಮುಂದಿನದು ಅಪ್ಪನದು. ಅವನ ಅಂಗಡಿ ಹುಮನಾಬಾದಿನಲ್ಲಿ, ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ರಿವೈಂಡಿಂಗ್ ಅಂಗಡಿ. ಅಲ್ಲಿ ಮುಗಿಯದ ಕೆಲಸ ಸಂಜೆಯ ಬಸ್ಸಿನಲ್ಲಿ ಗೋಣಿಚೀಲದೊಳಗೆ ಕೂತು ಮನೆಗೆ ಬರುತ್ತಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ನಮ್ಮದು ಬೌದ್ಧ ದೀಕ್ಷೆ ತೆಗೆದುಕೊಂಡ ಮನೆ. ರವಿವಾರ ಮುಂಜಾನೆ ಆ ಪಟಗಳ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳಿದ ಮೇಲೆಯೇ ಚಹಾ. ಹಿಂದಿನ ಕೋಣೆ ಅಡುಗೆಮನೆ. ಅಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಹರಳುಪ್ಪಿನ ಡಬ್ಬಿ ಇಟ್ಟುಕೊಂಡಿದ್ದಳು. ನನಗೆ ಜ್ವರ ಬಂದರೆ, ಅವ್ವ ಹೊಸ ಸೀರೆ ಉಟ್ಟು ಹೊರಗೆ ಹೋಗಿ ಬಂದರೆ, ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ಆಯಿ ಒಂದು ಹಿಡಿ ಉಪ್ಪು, ಎರಡು ಒಣಮೆಣಸಿನಕಾಯಿ ತಲೆಯ ಸುತ್ತ ಇಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. ಉಪ್ಪು ಚಟಪಟ ಅಂದರೆ ಯಾರದೋ ಕೆಟ್ಟ ಕಣ್ಣಿನ ನದರು ತಗುಲಿತ್ತು, ಈಗ ಹೋಯಿತು. ನಡುವಿನ ಕೋಣೆ ಉಣ್ಣಲು, ಮಲಗಲು, ಜಗಳಾಡಲು. ಅದು ಮಕ್ಕಳದು. ಮುಂದೆ ಯಂತ್ರ, ಹಿಂದೆ ಮಂತ್ರ, ನಡುವೆ ನಾನು. ನೋಡಿ, ಎಷ್ಟು ಲಕ್ಷಣವಾಗಿ ಬಂತು. ಯಾವ ಮನೆಯೂ ಹೀಗಿರುವುದಿಲ್ಲ. ಆಯಿಯ ಹಾಸಿಗೆ ಇದ್ದದ್ದು ಮುಂದಿನ ಕೋಣೆಯಲ್ಲಿ, ಮೋಟರುಗಳ ಪಕ್ಕ. ಅಪ್ಪನ ತಂತಿಯ ಸುರುಳಿಗಳು ಅಡುಗೆಮನೆಯ ಮಾಡದಲ್ಲಿ, ಶೇಂಗಾ ಹಿಂಡಿಯ ಭರಣಿಯ ಹಿಂದೆ. ವಾರ್ನಿಶಿನ ವಾಸನೆ ಪುಂಡಿಪಲ್ಯದಲ್ಲಿ ಇರುತ್ತಿತ್ತು, ಸುಟ್ಟ ಮೆಣಸಿನಕಾಯಿಯ ಘಾಟು ಅಪ್ಪನ ಅಂಗಿಯಲ್ಲಿ. ಆ ಘಾಟಿನಿಂದಲೇ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗು ಅರಳಿಸಿ, ಊಟಕ್ಕೆ ಕೂತ ಮೇಲೆ ಯಾರ ಮುಖವನ್ನೂ ನೋಡದೆ ಅವನು ಹೇಳುತ್ತಿದ್ದ ಮಾತು ಒಂದೇ.

"ನಮ್ಮಕ್ಕಗ ಜ್ವರ ಬಂದಾಗೂ ಉಪ್ಪೇ ಇಳಿಸಿದ್ರು."

ಅದರ ಮುಂದಿನದನ್ನು ಅವನು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಅಕ್ಕ ಬದುಕಿರಲಿಲ್ಲ. ಆಯಿಯ ಮೊದಲ ಮಗಳು, ನಾನು ನೋಡದ ಅತ್ತೆ. ಅಪ್ಪ ತೀರಾ ಸಣ್ಣವನಿದ್ದಾಗ ಜ್ವರದಲ್ಲಿ ಹೋದಳು. ಡಾಕ್ಟರ ಹತ್ತಿರ ಒಯ್ಯುವುದು ಬಿಟ್ಟು ಉಪ್ಪು ಇಳಿಸುತ್ತಾ ಕೂತದ್ದರಿಂದ ಸತ್ತಳು ಎಂಬುದು ಅಪ್ಪನ ತಿಳಿವಳಿಕೆ. ಅವನ ಇಡೀ ಜೀವನ, ಐಟಿಐ, ತಾಮ್ರದ ತಂತಿ, ದೀಕ್ಷೆ, ಎಲ್ಲವೂ ಆ ತಿಳಿವಳಿಕೆಯ ಮೇಲೆ ನಿಂತಿತ್ತು. ಆ ಮಾತು ಬಂದಾಗ ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಅವ್ವ ಅಪ್ಪನ ತಾಟಿಗೆ ಇನ್ನೊಂದು ಚಮಚ ಬೇಳೆ ಬಡಿಸಿ ಮಾತು ಬೇರೆಡೆ ತಿರುಗಿಸುತ್ತಿದ್ದಳು.

ಆ ಬೇಸಿಗೆ ಮಿಲಿಂದ ಬಂದ. ಅವ್ವನ ಅಕ್ಕನ ಮಗ, ಪುಣೆಯವನು, ನನಗಿಂತ ಎರಡು ಮೂರು ವರ್ಷ ದೊಡ್ಡವನು, ಮೀಸೆ ಬರುವ ಮೊದಲೇ ಮೀಸೆ ತಿರುವುವ ಜಾತಿ. ಯಾವನೋ ಗೆಳೆಯನ ಹತ್ತಿರ ಝೆರಾಕ್ಸ್ ಮಾಡಿಸಿಕೊಂಡ ಇಂಗ್ಲಿಷ್ ನಿಯಮದ ಪುಸ್ತಕವೊಂದನ್ನು ತಂದಿದ್ದ. ಅಂಚಿನ ಸಾಲುಗಳು ಅರ್ಧ ಕತ್ತರಿಸಿಹೋಗಿದ್ದವು. ಅದರೊಳಗೆ ಮಾಟಗಾತಿಯರೂ ಇದ್ದರು, ಉಕ್ಕಿನ ಮನುಷ್ಯರೂ ಇದ್ದರು. ಆಟಕ್ಕೆ ಬೇಕಾದ ಹತ್ತಾರು ಮುಖದ ದಾಳಗಳು ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ನಾನು ಆಯಿಯ ಚೌಕಾಬಾರದ ಕವಡೆ ತಂದೆ. ನಾಲ್ಕೂ ಬಾಯಿ ತೆರೆದು ಬಿದ್ದರೆ ಮಾಡಿದ್ದೆಲ್ಲ ಫಲಿಸಿತು, ನಾಲ್ಕೂ ಬೋರಲು ಬಿದ್ದರೆ ಏನೋ ಭಯಂಕರ ಆಯಿತು, ನಡುವಿನದಕ್ಕೆ ನಡುವಿನ ಫಲ. ಇದನ್ನು ಗೊತ್ತುಮಾಡಿದವಳು ನಾನಾದ್ದರಿಂದ ಆಟ ನಡೆಸುವವಳೂ ನಾನೇ ಆದೆ. ಮಿಲಿಂದನಿಗೆ ಅದು ಹಿಡಿಸಲಿಲ್ಲ, ಆದರೆ ಅವನಿಗೆ ಆಡುವ ಹುಚ್ಚು, ನಡೆಸುವ ತಾಳ್ಮೆ ಇಲ್ಲ. ಪಕ್ಕದ ಮನೆಯ ಶಬಾನಾ ಮೂರನೆಯವಳು. ಮಿಲಿಂದ ಎಂಜಿನಿಯರ್. ಶಬಾನಾ ಜಿನ್ನು ಹೊಕ್ಕ ಸರ್ಕಾರಿ ಬಸ್ಸಿನ ಡ್ರೈವರ್. ಲೋಕ ಕೋಟೆಯ ಕೆಳಗಿನದು. ನಮ್ಮೂರಿನ ಕೋಟೆಯ ಅಡಿಯಲ್ಲಿ ಇನ್ನೊಂದು ಊರಿದೆ, ಅದನ್ನು ಗುಡ್ಡದಷ್ಟು ದೊಡ್ಡ ಮೋಟರೊಂದು ನಡೆಸುತ್ತದೆ, ಅದರ ತಂತಿಯನ್ನು ಹೆಂಗಸರು ಹಾಡು ಹೇಳುತ್ತಾ ಸುತ್ತಿದ್ದಾರೆ, ಹಾಡು ತಪ್ಪಿದಲ್ಲಿ ತಂತಿ ಬಿಸಿಯಾಗುತ್ತದೆ. ಹಾಡಿನ ಮಾತು ಬಂದ ಕೂಡಲೇ ಮಿಲಿಂದ ಝೆರಾಕ್ಸ್ ತೆಗೆದ.

"ಬುಕ್ಕಿನ್ಯಾಗ ಬರ್ದದ. ಮಂತ್ರ ಬೆಳೀತಂದ್ರ ಹತ್ರ ಇದ್ದ ಮಶಿನ್ ಕೆಡ್ತದ. ಮಶಿನ್ ಬೆಳೀತಂದ್ರ ಮಂತ್ರ ಸಾಯ್ತದ. ಎರಡರಾಗ ಒಂದ್ ಆರಿಸ್ಕೋ."

"ನಮ್ಮ ಮನ್ಯಾಗ ಎರಡೂ ಅದಾವ."

"ಅದಕ್ಕ ನಿಮ್ಮ ಮನ್ಯಾಗ ಲೈಟ್ ಹೋಗ್ತದ."

"ನಮ್ಮನ್ಯಾಗೂ ಹೋಗ್ತದಲ್ಲೋ," ಎಂದಳು ಶಬಾನಾ. "ನಮ್ಮಲ್ಲಿ ಯಾರ್ ಉಪ್ಪು ಇಳಿಸ್ತಾರ?"

ದಿನಾ ಇದೇ ಜಗಳ. ಆಟ ನಡೆಯುತ್ತಿತ್ತು, ನಿಯಮ ಮಾತ್ರ ತೀರ್ಮಾನವಾಗುತ್ತಿರಲಿಲ್ಲ. ಬೇರೆ ದೇಶದಲ್ಲಿ ಕೂತ ಯಾರೋ ಒಬ್ಬರು ಮಂತ್ರಕ್ಕೂ ಯಂತ್ರಕ್ಕೂ ನಡುವೆ ಒಂದು ಗೆರೆ ಎಳೆದಿದ್ದರು, ಆ ಗೆರೆ ಮಿಲಿಂದನಿಗೆ ಅಚ್ಚಾದದ್ದು ಎಂಬ ಕಾರಣಕ್ಕೇ ಪ್ರಮಾಣವಾಗಿತ್ತು. ನನಗೆ ಆಗ ವಾದ ಗೊತ್ತಿರಲಿಲ್ಲ, ಹಟ ಗೊತ್ತಿತ್ತು.

ಅದೇ ದಿನಗಳಲ್ಲಿ ಅಪ್ಪ ಹಿತ್ತಲಿನಲ್ಲಿ ಅರ್ಥಿಂಗಿನ ಗುಂಡಿ ತೋಡಿದ. ಸ್ವಿಚ್ಚು ಮುಟ್ಟಿದರೆ ಅವ್ವನಿಗೆ ಜುಮ್ಮೆನ್ನುತ್ತಿತ್ತು. ಗುಂಡಿಯಲ್ಲಿ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಹರಳುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹಾಕಿ ತುಂಬಿ, ಮೇಲೆ ನೀರು ಹೊಯ್ದ. ವಿದ್ಯುತ್ತಿನ ಕೆಲಸ ಮಾಡುವವರೆಲ್ಲ ಮಾಡುವುದು ಹಾಗೆಯೇ, ಅದರಲ್ಲಿ ವಿಶೇಷವಿಲ್ಲ. ಆಯಿ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಗ ಉಪ್ಪಿನ ಚೀಲ ಬಿಚ್ಚಿದ್ದನ್ನು ನೋಡಿ ಮೊರ ಕೆಳಗಿಟ್ಟಳು.

"ಉಪ್ಪು ಯಾಕಪಾ?"

"ಕೆಟ್ಟ ಕರೆಂಟ್ ಬಂದ್ರ ಮನ್ಯಾಗ ನಿಲ್ಲಬಾರ್ದು. ಉಪ್ಪು ಇದ್ರ ಸರಾಗ ಭೂಮಿಗಿ ಇಳೀತದ."

"ಇಷ್ಟು ದಿನಾ ನಾ ಏನ್ ಮಾಡಾಕತ್ತಿದ್ದೆ ಮತ್ತ?"

"ಅದು ಬ್ಯಾರೆ, ಇದು ಬ್ಯಾರೆ."

"ಹೌದು ಬಿಡು. ನಿಂದು ಗುಂಡಿ ದೊಡ್ಡದು."

ಅಪ್ಪ ನಕ್ಕ ಎಂದು ನನ್ನ ನೆನಪು. ನಕ್ಕಿರಲಾರ. ಆದರೆ ಆಯಿ ಆ ದಿನವೆಲ್ಲ ಗೆದ್ದವಳ ಹಾಗೆ ಓಡಾಡಿದ್ದು ನಿಜ. ಸಂಜೆ ತಾನೇ ಒಂದು ಕೊಡ ನೀರು ತಂದು ಗುಂಡಿಗೆ ಹಾಕಿದಳು, ಹಾಕುವಾಗ ಬಾಯಲ್ಲಿ ಏನೋ ಅಂದುಕೊಂಡಳು. ಮಗ ಕೊನೆಗೂ ತನ್ನ ದಾರಿಗೆ ಬಂದಿದ್ದಾನೆ, ಹೆಸರು ಮಾತ್ರ ಬೇರೆ ಇಟ್ಟುಕೊಂಡಿದ್ದಾನೆ ಎಂದು ಅವಳು ತಿಳಿದಳು. ಆ ತಿಳಿವಳಿಕೆಯಿಂದಲೇ ಮುಂದಿನ ಅನಾಹುತ ಆಯಿತು.

ದುಬಲಗುಂಡಿಯ ರೈತನೊಬ್ಬನ ಪಂಪಿನ ಮೋಟರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತ್ತು, ಎರಡೂ ಸಲ ಸುಟ್ಟದ್ದು ಅಪ್ಪ ಸುತ್ತಿದ ತಂತಿ. ಆ ರೈತ ಬೈಯುವವನಲ್ಲ. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ದಿನವಿಡೀ ಕೂತು, ಹೋಗಿಬರುವವರಿಗೆಲ್ಲ ಮೆಲ್ಲಗೆ ಕತೆ ಹೇಳುವವನು. ಆ ಸಾಲಿನಲ್ಲಿ ಬೇರೆ ರಿವೈಂಡಿಂಗ್ ಅಂಗಡಿಗಳೂ ಇದ್ದವು. ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಮೂರನೆಯ ಸಲ ಸುತ್ತಿ, ವಾರ್ನಿಶ್ ಹಾಕಿ, ಅದು ಒಣಗಲೆಂದು ಮೋಟರನ್ನು ಮನೆಗೆ ತಂದು ಮಾಳಿಗೆಯ ಬಿಸಿಲಿಗೆ ಇಟ್ಟ. ರವಿವಾರ ಅವನು ಯಾವುದೋ ಮದುವೆಗೆ ಹೋದಾಗ ಆಯಿ ತಂಬಿಗೆಯಲ್ಲಿ ಉಪ್ಪುನೀರು ಕಲಸಿಕೊಂಡು ಮಾಳಿಗೆ ಹತ್ತಿದಳು. ಎರಡು ಸಲ ಸುಟ್ಟ ಮೋಟರು. ನದರು ಇಲ್ಲದೆ ಸುಡುತ್ತದೆಯೇ? ಕೆಂಡಕ್ಕೆ ಹಾಕುವ ಹಳೆಯ ಪದ್ಧತಿ ಬಿಟ್ಟು, ಮಗ ತೋರಿಸಿದ ಹೊಸ ಪದ್ಧತಿಯಂತೆ ಅವಳು ಉಪ್ಪನ್ನು ಮೋಟರಿನ ಒಳಗೇ, ಹಸಿ ವಾರ್ನಿಶಿನ ಮೇಲೇ ಹೊಯ್ದಳು. ಕೆಟ್ಟದ್ದು ಸರಾಗವಾಗಿ ಇಳಿದುಹೋಗಲಿ ಎಂದು.

ಸೋಮವಾರ ಹುಮನಾಬಾದಿನಲ್ಲಿ ರೈತನ ಮುಂದೆ, ಅವನು ಕೂಡಿಸಿಕೊಂಡಿದ್ದ ಜನರ ಮುಂದೆ, ಅಪ್ಪ ಮೋಟರಿಗೆ ಕರೆಂಟ್ ಕೊಟ್ಟ. ಕಿಡಿ, ಹೊಗೆ, ವಾಸನೆ. ಬಿಚ್ಚಿ ನೋಡಿದರೆ ತಂತಿಯ ಸಂದುಗಳಲ್ಲಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಸಂಜೆ ಅವನು ಮನೆಗೆ ಬಂದು ಕೇಳುವ ಮೊದಲೇ ಆಯಿ ಹೇಳಿದಳು, ನಾನೇ ಹಾಕಿದೆ, ನೀನು ಗುಂಡಿಯಲ್ಲಿ ಹಾಕಿದ ಹಾಗೇ ಹಾಕಿದೆ ಎಂದು. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇನ್ನ ಈ ಮನ್ಯಾಗ ನಾ ಇರಬೇಕು, ಇಲ್ಲಾ ನಿನ್ನ ಉಪ್ಪು ಇರಬೇಕು. ಬರೋ ಸ್ವಾಮಾರ ಮೋರಖಂಡಿಗಿ ಬಿಟ್ಟ ಬರ್ತೀನಿ."

ಮೋರಖಂಡಿಯಲ್ಲಿ ಅವಳ ಕಿರಿಮಗ, ನಮ್ಮ ಕಾಕಾ. ಅಲ್ಲಿ ಹೋಗಿ ನಾಲ್ಕು ದಿನ ಇದ್ದು ಬರುವುದು ಬೇರೆ, ಯಂತ್ರ ಕೆಡಿಸಿದ ಮುದುಕಿ ಎಂದು ಹಿರಿಮಗ ಹೊರಗೆ ಹಾಕಿದ ಮೇಲೆ ಹೋಗುವುದು ಬೇರೆ. ಆಯಿ ಬೇಡ ಅನ್ನಲಿಲ್ಲ. ಆ ವಾರ ಅವಳು ದಿನಕ್ಕೊಂದು ಸೀರೆ ಮಡಿಚಿ ಗಂಟಿನಲ್ಲಿ ಇಟ್ಟಳು. ಅವ್ವ ಎರಡು ಸಲ ಮಾತೆತ್ತಿ ಎರಡು ಸಲ ಬಾಯಿ ಮುಚ್ಚಿಸಿಕೊಂಡಳು. ನನಗೆ ಆಯಿಯಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ. ಸಾಲೆಯಿಂದ ಬಂದರೆ ಬಾಗಿಲಲ್ಲಿ ಕೂತಿರುವವಳು ಅವಳು, ನನ್ನ ಜಡೆ ಎಳೆದು ಕಟ್ಟುವವಳು ಅವಳು, ಅಪ್ಪನ ಮಾತಿಗೆ ಎದುರು ಮಾತು ಆಡಬಹುದು ಎಂದು ಆಡಿ ತೋರಿಸಿದವಳೂ ಅವಳೇ. ಮಿಲಿಂದನಿಗೆ ಮಾತ್ರ ಇದೆಲ್ಲ ಪುಸ್ತಕ ಗೆದ್ದ ಹಾಗೆ. ನೋಡಿದಿಯಾ, ಮಂತ್ರ ಮುಟ್ಟಿತು, ಮಶಿನ್ ಸತ್ತಿತು, ಬರೆದದ್ದು ಸುಳ್ಳಾಯಿತಾ ಎಂದ. ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆದೆನೋ ಇಲ್ಲವೋ ಅವನಿಗೂ ನೆನಪಿಲ್ಲವಂತೆ.

ಮರುದಿನ ಮುಂಜಾನೆ ಆಯಿ ಹೋಗಬೇಕು ಅನ್ನುವ ರವಿವಾರ ಮಧ್ಯಾಹ್ನ ನಡುವಿನ ಕೋಣೆಯಲ್ಲಿ ಆಟಕ್ಕೆ ಕೂತೆವು. ಕರೆಂಟ್ ಇರಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ಅಲ್ಲೇ ಒಲೆಯ ಮುಂದೆ. ನಾನು ಹೇಳಿದೆ: ಕೋಟೆಯ ಕೆಳಗಿನ ಊರಿನಲ್ಲಿ ಒಬ್ಬಳು ಮುದುಕಿ ಇದ್ದಾಳೆ, ಅವಳ ಹತ್ತಿರ ಉಪ್ಪಿದೆ, ದೊಡ್ಡ ಮೋಟರು ನಿಂತುಹೋಗಿದೆ, ಊರವರು ಎಂಜಿನಿಯರನ್ನು ಕೇಳುತ್ತಿದ್ದಾರೆ ಏನು ಮಾಡೋಣ ಎಂದು. ಮಿಲಿಂದ ಒಂದು ಕ್ಷಣವೂ ಯೋಚಿಸಲಿಲ್ಲ. ಮುದುಕಿಯನ್ನು ಊರಬಾಗಿಲ ಅಗಸೆಯಿಂದ ಹೊರಗೆ ಹಾಕಿ ಎಂದ. ನಾನು ಆಟ ನಡೆಸುವವಳು, ಆಗುವುದಿಲ್ಲ ಎಂದೆ. ಅವನು ಝೆರಾಕ್ಸಿನ ಹಾಳೆ ನನ್ನ ಮುಖದ ಮುಂದೆ ಹಿಡಿದ. ನನ್ನ ದನಿ ಏರಿತು.

"ಅಕಿ ಯಾಕ ಹೋಗ್ಬೇಕು?"

"ಯಾರು ಅಕಿ?"

ಕೇಳಿದವನು ಅಪ್ಪ. ಮುಂದಿನ ಕೋಣೆಯ ಬಾಗಿಲಲ್ಲಿದ್ದ. ಆಟದ ಮುದುಕಿ, ಕಾಕಾ, ಎಂದಳು ಶಬಾನಾ. ಅಪ್ಪ ಮಿಲಿಂದನ ಕೈಯಿಂದ ಹಾಳೆ ತೆಗೆದುಕೊಂಡು, ತುಟಿ ಅಲುಗಿಸುತ್ತಾ ಇಂಗ್ಲಿಷನ್ನು ನಿಧಾನವಾಗಿ ಓದಿದ. ಆ ವಾರದಲ್ಲಿ ಮೊದಲ ಸಲ ಅವನ ಮುಖ ತಿಳಿಯಾಯಿತು. ಬರೋಬ್ಬರ್ ಬರೆದಿದ್ದಾರೆ ಎಂದ. ಬರೆದವರು ನಮ್ಮ ಮನೆ ನೋಡಿಲ್ಲ ಎಂದೆ ನಾನು. ಅಲ್ಲಿಂದ ಮುಂದೆ ಅವನು ಕೂತನೋ, ನಿಂತೇ ಇದ್ದನೋ, ಅದು ನನ್ನ ಮತ್ತು ಮಿಲಿಂದನ ನಡುವಿನ ವ್ಯಾಜ್ಯ. ಕವಡೆಗಳನ್ನು ಕೈಗೆ ತೆಗೆದುಕೊಂಡ ಎಂದು ನಾನು ಈಗಲೂ ವಾದಿಸುತ್ತೇನೆ. ಮಾತುಗಳ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಇಲ್ಲ.

"ಆಯ್ತು, ನಿನ್ನ ನಿಯಮ ಹೇಳು," ಎಂದ ಅಪ್ಪ. "ನನ್ನ ಮೋಟರಿಗಿ ಲೋಡ್ ಹೆಚ್ಚಾದ್ರ ಫ್ಯೂಸ್ ಹೋಗ್ತದ. ಮಂತ್ರಕ್ಕ ಫ್ಯೂಸ್ ಎಲ್ಲದ? ಅದು ಕೆಟ್ರ ಏನ್ ಸುಡ್ತದ? ಯಾರಿಗಿ ಗೊತ್ತಾಗ್ತದ?"

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ಕಸುಬಿನಲ್ಲಿ ನನಗೆ ಇದುವರೆಗೆ ಯಾರೂ ಕೇಳಿಲ್ಲ. ಮಂತ್ರ ಇದೆಯೋ ಇಲ್ಲವೋ ಎಂದು ಅವನು ಕೇಳಲಿಲ್ಲ. ಅದು ಕೆಟ್ಟಾಗ ಏನಾಗುತ್ತದೆ ಎಂದು ಕೇಳಿದ. ನಾನು ಆಗ ಹೇಳಿದ್ದು ತಡವರಿಸಿ, ಹಿಂದುಮುಂದಾಗಿ. ಸಾರಾಂಶ ಹೀಗೆ: ಮಂತ್ರ ಹಾಕುವವಳು ಅದು ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಬೇಕು. ಆಯಿಯದು ಕೆಂಡಕ್ಕೆ ಇಳಿಯುತ್ತದೆ. ಯಂತ್ರ ಓಡಿಸುವವನೂ ಹೇಳಬೇಕು. ನಿನ್ನದು ಗುಂಡಿಗೆ ಇಳಿಯುತ್ತದೆ. ಇಬ್ಬರದೂ ಉಪ್ಪೇ. ಇಳಿಯುವ ಜಾಗ ತಪ್ಪಿದರೆ ಸುಡುತ್ತದೆ, ಯಾರದೇ ಆಗಲಿ. ಆಯಿ ಜಾಗ ತಪ್ಪಿದಳು. ಕವಡೆ ಬೋರಲು ಬಿತ್ತು. ಅಷ್ಟೇ. ಇಷ್ಟು ಹೇಳಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

"ನೀ ಕಟ್ಟಿದ ಮೋಟರೂ ಎರಡು ಸಲ ಸುಟ್ಟಾದ. ನಿನಗ ಯಾರ್ ಮೋರಖಂಡಿಗಿ ಕಳಸಿದ್ರು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಿಲಿಂದ ಝೆರಾಕ್ಸನ್ನು ಮಡಿಚತೊಡಗಿದ, ಮಡಿಚಿದ್ದನ್ನೇ ಮತ್ತೆ ಮಡಿಚಿದ. ಅಪ್ಪ ನನ್ನನ್ನು ಹೊಡೆದವನಲ್ಲ, ಆದರೂ ನನ್ನ ಮೈ ತಾನೇ ಹಿಂದೆ ಸರಿಯಿತು. ಅವನು ಬಹಳ ಮೆಲ್ಲಗೆ ಹೇಳಿದ.

"ಮೋಟರ್ ಸುಟ್ರ ಮತ್ತ ಕಟ್ತೀನಿ. ನಮ್ಮಕ್ಕಗ ಮತ್ತ ಯಾರ್ ಕಟ್ತಾರ?"

ಇದಕ್ಕೆ ನನ್ನ ಹತ್ತಿರ ನಿಯಮ ಇರಲಿಲ್ಲ. ಈಗಲೂ ಇಲ್ಲ. ಉತ್ತರ ಅಡುಗೆಮನೆಯಿಂದ ಬಂತು. ಆಯಿ ಎದ್ದು ಬರಲಿಲ್ಲ, ದನಿಯನ್ನೂ ಎತ್ತಲಿಲ್ಲ. ಸೊಸೆಗೆ ಏನೋ ಅಡುಗೆಯ ಮಾತು ಹೇಳುವ ಹಾಗೆ, ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. 

"ದವಾಖಾನಿಗೇ ಮೊದಲ ಒಯ್ದಿದ್ದೆ. ಅಕಿನ ಹೆಗಲ ಮ್ಯಾಲ, ನಿನ್ನ ಸೊಂಟದ ಮ್ಯಾಲ. ನಾವು ಯಾವ ಕೇರಿಯವರಂತ ಗೊತ್ತಾಗಿ, ಹೊರಗ ಬೇವಿನ ಗಿಡದ ಕೆಳಗ ಕೂಡು, ಕರೀತೀವಿ ಅಂದ್ರು. ಕೂತೆ. ಹೊತ್ತು ಮುಣುಗಿತು. ಬಾಗಲಾ ಹಾಕ್ಕೊಂಡು ಹೋದ್ರು. ಮನಿಗಿ ಬಂದು ಉಪ್ಪು ಇಳಿಸಿದೆ. ಅದಕ್ಕ ಯಾರದೂ ಹುಕುಂ ಬೇಕಾಗಿರಲಿಲ್ಲ."

ಅಪ್ಪ ಅಡುಗೆಮನೆಯ ಕಡೆಗೆ ತಿರುಗಿದ.

"ನನಗ ಯಾಕ ಹೇಳಲಿಲ್ಲ?"

"ನೀ ಎಂದ ಕೇಳಿದಿ? ನೀ ಹೇಳ್ಕೋತ ಬಂದಿ."

ಇಲ್ಲಿ ದೊಡ್ಡ ದೃಶ್ಯವೊಂದು ಇರಬೇಕು ಎಂದು ನನ್ನೊಳಗಿನ ಕತೆಗಾರ್ತಿಗೆ ಅನ್ನಿಸುತ್ತದೆ. ತಾಯಿ ಮಗ ಅಪ್ಪಿಕೊಳ್ಳಬೇಕು, ಕರೆಂಟ್ ಬರಬೇಕು, ಪಂಖ ತಿರುಗಬೇಕು. ಅಂಥದ್ದೇನೂ ಆಗಲಿಲ್ಲ. ಅಪ್ಪ ಮುಂದಿನ ಕೋಣೆಗೆ ಹೋಗಿ ಆ ಸುಟ್ಟ ಮೋಟರಿನ ತಂತಿಯನ್ನು ಕತ್ತರಿಸಿ ಎಳೆಯಲು ಕೂತ. ಎಳೆದ ತಂತಿ ನೆಲಕ್ಕೆ ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಅವ್ವ ಬಂದು, ರೊಟ್ಟಿ ಆರುತ್ತಿವೆ, ಏಳಿ ಎಂದಳು. ಅವತ್ತು ಎಲ್ಲರೂ ಒಟ್ಟಿಗೆ ಉಣ್ಣಲಿಲ್ಲ. ಮರುದಿನ ಮುಂಜಾನೆ ಅಪ್ಪ ಗೋಣಿಚೀಲ ಎತ್ತಿಕೊಂಡು ಹುಮನಾಬಾದಿನ ಬಸ್ಸಿಗೆ ಒಬ್ಬನೇ ಹೋದ. ಆಯಿ ಗಂಟಿನ ಪಕ್ಕ ತಯಾರಾಗಿ ಕೂತೇ ಇದ್ದಳು. ಅವನು ದಾಟಿ ಹೋಗುವಾಗ ಅವಳನ್ನು ನೋಡಲಿಲ್ಲ, ಏಳು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಬಸ್ಸಿನ ಹೊತ್ತು ಮೀರಿದ ಮೇಲೆ ಅವ್ವ ಏನನ್ನೂ ಕೇಳದೆ ಆ ಗಂಟು ಬಿಚ್ಚಿದಳು, ಮಡಿಚಿ ಮಡಿಚಿ ಮುದುರಿಹೋಗಿದ್ದ ಸೀರೆಗಳನ್ನು ಹಿತ್ತಲಿನ ಹಗ್ಗದ ಮೇಲೆ ಹರವಿದಳು. ಅಲ್ಲಿಗೆ ಮೋರಖಂಡಿಯ ಮಾತು ಮುಗಿಯಿತು.

ಅಪ್ಪ ಬದಲಾದ ಎಂದು ಯಾರೂ ತಿಳಿಯಬಾರದು. ಘಾಟು ಬಂದ ದಿನ ಮುಖ ಸಿಂಡರಿಸುವುದನ್ನು ಅವನು ಬಿಡಲಿಲ್ಲ. ನನಗೆ ಜ್ವರ ಬಂದಾಗ ಆಯಿಯ ಕೈ ತಲೆಯ ಹತ್ತಿರ ಬರುವ ಮೊದಲೇ ನನ್ನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದ. ನಾವು ವಾಪಸ್ ಬಂದ ಮೇಲೆ ಆಯಿ ಉಪ್ಪು ಇಳಿಸುತ್ತಿದ್ದಳು. ಇಬ್ಬರೂ ಕಡೆಯವರೆಗೆ ಹಟ ಬಿಡಲಿಲ್ಲ, ನನಗೆ ಇಬ್ಬರ ಹಟವೂ ಬಂದಿದೆ. ನಿಂತದ್ದು ಒಂದೇ, ಊಟದ ತಾಟಿನ ಮುಂದೆ ಅವನು ಹೇಳುತ್ತಿದ್ದ ಆ ಮಾತು. ಅದನ್ನು ನಾನು ಮತ್ತೆ ಅವನ ಬಾಯಲ್ಲಿ ಕೇಳಲಿಲ್ಲ.

ಮಿಲಿಂದ ರಜೆ ಮುಗಿಸಿ ಪುಣೆಗೆ ಹೋಗುವಾಗ, ನಿನ್ನ ಆಟ ಆಟವೇ ಅಲ್ಲ, ಅದರಲ್ಲಿ ಗೆಲ್ಲುವುದು ಹೇಗೆಂದೇ ಗೊತ್ತಾಗುವುದಿಲ್ಲ ಎಂದ. ಅವನು ಹೇಳಿದ್ದು ಸರಿ. ನಾನು ಆ ಬೇಸಿಗೆಯಲ್ಲಿ ಮಾಡಿದ ನಿಯಮಗಳು ಇವತ್ತಿಗೂ ನನ್ನ ಪ್ರತಿ ಆಟದಲ್ಲಿ ಯಾವುದಾದರೂ ರೂಪದಲ್ಲಿ ಇರುತ್ತವೆ. ಬಲ ಯಾವುದೇ ಇರಲಿ, ಅದು ಎಲ್ಲಿ ಇಳಿಯುತ್ತದೆ ಎಂದು ಬಳಸುವವರು ಹೇಳಬೇಕು. ಇದು ಅಪ್ಪನ ಪ್ರಶ್ನೆಯಿಂದ ಬಂದದ್ದು. ಇನ್ನೊಂದು ಆಯಿಯಿಂದ ಬಂದದ್ದು, ಅದನ್ನು ತೆಗೆಯಿರಿ ಎಂದು ಹೆಚ್ಚು ಜನ ಕೇಳುತ್ತಾರೆ: ಯಾವುದೇ ಯಂತ್ರಕ್ಕೂ ಒಂದು ಬಾಗಿಲಿದೆ, ಆ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಯಾರನ್ನು ಒಳಗೆ ಬಿಡುತ್ತಾರೆ ಎಂದು ಆಟ ನಡೆಸುವವರು ಮೊದಲು ಹೇಳಬೇಕು. ಗುಣಪಡಿಸುವ ಯಂತ್ರ ಇದ್ದಮೇಲೆ ಗುಣಪಡಿಸುವ ಮಂತ್ರ ಯಾಕೆ ಬೇಕು ಎಂದು ಆಡುವವರು ಕೇಳುತ್ತಾರೆ, ಒಂದೇ ಕೆಲಸಕ್ಕೆ ಎರಡು ನಿಯಮ ಇದ್ದರೆ ಆಟದ ಸಮತೂಕ ಕೆಡುತ್ತದಂತೆ. ಕೆಡಲಿ. ಒಳಗೆ ಹೋದವರಿಗೆ ಒಂದು ಸಾಕು. ಬೇವಿನ ಗಿಡದ ಕೆಳಗೆ ಕೂತವರ ಪಾತ್ರ ಮಾಡಿ ನೋಡಿ, ಆಮೇಲೆ ತೂಕದ ಮಾತಾಡಿ. ಮಂತ್ರ ಫಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ನನ್ನ ಅತ್ತೆಗೆ ಫಲಿಸಲಿಲ್ಲ. ಆದರೆ ಮಂತ್ರ ಹಾಕಿದವಳನ್ನು ಊರ ಅಗಸೆಯಿಂದ ಹೊರಗೆ ಹಾಕುವ ನಿಯಮವನ್ನು ನಾನು ಬರೆಯುವುದಿಲ್ಲ, ಅಚ್ಚಾದದ್ದನ್ನು ಒಪ್ಪುವುದೂ ಇಲ್ಲ.

ಈಗ ನಾವೆಲ್ಲ ಹುಮನಾಬಾದಿನಲ್ಲಿದ್ದೇವೆ. ಅಪ್ಪನಿಗೆ ಕಣ್ಣು ಮಂಜು, ಸಣ್ಣ ತಂತಿ ಕಾಣುವುದಿಲ್ಲ, ಆದರೂ ಅಂಗಡಿಗೆ ಹೋಗಿ ಕೂರುತ್ತಾನೆ. ಆಯಿ ಹೋಗಿ ಬಹಳ ವರ್ಷವಾಯಿತು. ಈ ಅಧ್ಯಾಯ ಬರೆಯುತ್ತಿರುವಾಗ ಒಂದು ಸಂಗತಿ ತಡವಾಗಿ ಹೊಳೆದು ಅಪ್ಪನ ಹತ್ತಿರ ಹೋಗಿ ಕೇಳಿದೆ. ಜ್ವರದಲ್ಲಿ ಹೋದ ಆ ಹುಡುಗಿಯ ಹೆಸರು ಏನು? ನೆನಪಿಲ್ಲ ಎಂದ. ಅವಳು ಹೋದಾಗ ಅವನಿಗೆ ಇನ್ನೂ ಮಾತು ಕಲಿಯುವ ವಯಸ್ಸು, ಅವಳನ್ನು ಅಕ್ಕ ಎಂದಷ್ಟೇ ಕರೆಯುತ್ತಿದ್ದ. ಮೋರಖಂಡಿಯ ಕಾಕಾ ಹುಟ್ಟಿದ್ದು ಅದಾದ ಮೇಲೆ. ಆಯಿ ಅವತ್ತೂ 'ಅಕಿ' ಎಂದಷ್ಟೇ ಅಂದಳು, ಹೆಸರು ಹಿಡಿಯಲಿಲ್ಲ. ಬೇರೆ ಯಾವಾಗಲಾದರೂ ಹಿಡಿದಿದ್ದರೆ ನಾನು ಕಿವಿಗೊಟ್ಟಿರಲಿಲ್ಲ. ಊರು, ಬೀದಿ, ರಾಕ್ಷಸರು, ಹಡಗುಗಳು, ಎಲ್ಲಕ್ಕೂ ದಿನಾ ಹೆಸರು ಕಟ್ಟುವವಳು ನಾನು, ಇದಕ್ಕೂ ಒಂದು ಕಟ್ಟುವುದು ಕಷ್ಟವಲ್ಲ. ಕಟ್ಟುವುದಿಲ್ಲ. ಅವಳ ಹೆಸರು ನನಗೆ ಗೊತ್ತಿಲ್ಲ.